ಮಳೆಗಾಲದ ಅಡಿಕೆಗೆ ಬಿಸಿಗಾಳಿ ಕೋಣೆ: ಬೆಂಕಿ ಹಾಕಿದ್ರೆ ಸಾಲದು, ಗಾಳಿ ಹೊರಗೆ ಹೋಗಬೇಕು

ಕೊಳೆ ರೋಗಕ್ಕೆ ಹೆದರಿ ಬೇಗ ಕೊನೆ ಇಳಿಸಿದ್ದೀರಿ. ಸುಲಿದು ಬೇಯಿಸಿದ್ದೂ ಆಯ್ತು. ಹೊರಗೆ ಮಾತ್ರ ಮಳೆ ಬಿಡ್ತಾ ಇಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಪೇಚಾಟ ಹೊಸದಲ್ಲ. ಕೊಟ್ಟಿಗೆಯ ಮೂಲೆಯಲ್ಲೇ ಒಂದು ಸಣ್ಣ ಒಣಗಿಸುವ ಕೋಣೆ ಮಾಡ್ಕೊಳ್ಳೋದು ಹೇಗೆ ಅನ್ನೋದು ಈ ವಾರದ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳ್ತೀನಿ. ಮೊದಲ ವರ್ಷ ಬಿಸಿ ಹೊರಗೆ ಹೋಗಬಾರದು ಅಂತ ಕೋಣೆಯ ಎಲ್ಲ ಕಿಂಡಿ ಮುಚ್ಚಿದ್ದೆ. ಒಳಗೆ ಸೆಖೆ ತಡೆಯೋಕಾಗ್ತಿರಲಿಲ್ಲ. ಆದರೆ ಮೂರನೇ ದಿನ ನೋಡಿದರೆ ತಟ್ಟೆ ತುಂಬಾ ಬೂಸಲು. ಶೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಸಿ ಇತ್ತು, ಅಡಿಕೆಯಿಂದ ಎದ್ದ ಆವಿಗೆ ಹೋಗೋಕೆ ದಾರಿ ಇರಲಿಲ್ಲ.

ಲೆಕ್ಕ ನೋಡಿ. ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ 90 ಪರ್ಸೆಂಟ್ ಅಂದ್ಕೊಳ್ಳಿ. ಅದೇ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು 23 ಪರ್ಸೆಂಟ್‌ಗೆ ಇಳಿಯುತ್ತೆ. ಗಾಳಿಯಲ್ಲಿರೋ ನೀರು ಅಷ್ಟೇ, ನೀರು ಹೊರುವ ಶಕ್ತಿ ಹೆಚ್ಚಾಗುತ್ತೆ. ಆದರೂ ಒಂದು ಘನ ಮೀಟರ್ ಗಾಳಿ ತಟ್ಟೆಗಳ ಮೂಲಕ ಹಾದು ಹೊರಗೆ ಹೋಗುವಾಗ ಹೊತ್ತೊಯ್ಯೋದು ಹೆಚ್ಚುಕಡಿಮೆ 5 ಗ್ರಾಂ ನೀರು ಮಾತ್ರ. ಅಂದರೆ ಒಂದು ಲೀಟರ್ ನೀರು ತೆಗೆಯೋಕೆ 200 ಘನ ಮೀಟರ್ ಗಾಳಿ ಬೇಕು. 10 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಕೋಣೆಯಲ್ಲಿರೋದು 25 ಘನ ಮೀಟರ್ ಚಿಲ್ಲರೆ. ಗಂಟೆಗೆ ಒಂದು ಲೀಟರ್ ನೀರು ಹೋಗಬೇಕಾದರೆ ಕೋಣೆಯ ಗಾಳಿ ಗಂಟೆಗೆ ಎಂಟು ಸಲ ಬದಲಾಗಬೇಕು!

ಈ ಗಾಳಿ ಕಾಯಿಸೋಕೆ ಲೀಟರ್ ನೀರಿಗೆ ಸುಮಾರು 1.7 ಯೂನಿಟ್ ಕರೆಂಟು ಬೇಕು, ಗೋಡೆಯಲ್ಲಿ ಸೋರುವ ಬಿಸಿ ಬೇರೆ. 60 ಲೀಟರ್ ತೆಗೆದರೆ 100 ಯೂನಿಟ್ ದಾಟಿತು. ಮಳೆಗಾಲದಲ್ಲಿ ಕರೆಂಟು ಇರುತ್ತೆ ಅನ್ನೋ ನಂಬಿಕೆಯೂ ಇಲ್ಲ. ಹಾಗಾಗಿ ನನ್ನ ಓಟು ಸೌದೆ ಒಲೆಗೆ.

ಒಲೆಯ ಬಾಯಿ ಕೋಣೆಯ ಹೊರಗಿರಲಿ. ಹೊಗೆ ಹೋಗುವ ಕಬ್ಬಿಣದ ಕೊಳವೆ ಮಾತ್ರ ಒಳಗೆ ನೆಲದ ಹತ್ತಿರ ಹಾದು ಮತ್ತೆ ಹೊರಗೆ ಹೋಗಲಿ. ಕೆಂಡದ ಬಾಣಲೆ ಒಳಗಿಟ್ಟು ಬಾಗಿಲು ಹಾಕೋದು ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಟ್ಟೆ ತಿರುವೋಕೆ ಹೋದವರು ಅಲ್ಲೇ ಕುಸಿದು ಪ್ರಾಣ ಹೋಗಬಹುದು. ಕೊಳವೆಯ ಜಾಯಿಂಟಿನಲ್ಲಿ ಹೊಗೆ ಸೋರುತ್ತಾ ಅಂತ ಪ್ರತಿ ಸಲ ನೋಡಿ. ಒಳಗೆ ಹೋಗೋ ಮುಂಚೆ ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡಿ. ಕೊಳವೆಗೂ ಕೆಳಗಿನ ತಟ್ಟೆಗೂ ಕನಿಷ್ಠ ಎರಡು ಅಡಿ ಅಂತರ ಇರಲಿ, ಉದುರಿದ ಸಿಪ್ಪೆಗೆ ಬೆಂಕಿ ಹತ್ತೋದು ತಡ ಆಗಲ್ಲ.

ಗಾಳಿ ಬರುವ ಕಿಂಡಿ ಕೊಳವೆಯ ಪಕ್ಕದಲ್ಲಿ, ಕೆಳಗೆ. ಹೋಗುವ ಕಿಂಡಿ ಎದುರು ಗೋಡೆಯಲ್ಲಿ, ಮೇಲೆ. ಹೊರಹೋಗುವ ಗಾಳಿಯನ್ನು ಕೊಟ್ಟಿಗೆಯೊಳಗೇ ಬಿಡಬೇಡಿ, ಅದೇ ತೇವ ತಿರುಗಿ ಒಳಗೆ ಬರುತ್ತೆ. ಮಾಡಿನ ಆಚೆಗೆ ಎತ್ತರದ ಪೈಪು ಹಾಕಿದರೆ ಕರೆಂಟು ಹೋದರೂ ಬಿಸಿಗಾಳಿ ತಾನೇ ಮೇಲೇರುತ್ತೆ. ಜೊತೆಗೆ ಸಣ್ಣ ಎಕ್ಸಾಸ್ಟ್ ಫ್ಯಾನ್ ಇದ್ದರೆ ಒಳ್ಳೆಯದು. ತಗಡಿನ ಕೆಳಗೆ ಸಿಮೆಂಟ್ ಬೋರ್ಡನ್ನು ಓರೆಯಾಗಿ ಹಾಕಿ, ಹನಿಗಟ್ಟಿದರೂ ಗೋಡೆಗೆ ಇಳಿಯಲಿ. ನೆಲಕ್ಕೆ ಕಾಂಕ್ರೀಟ್ ಹಾಕುವಾಗ ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಸೋದು ಮರೀಬೇಡಿ.

ಒಂದು ಡಿಜಿಟಲ್ ತೇವಾಂಶ ಮೀಟರನ್ನು ಮೇಲಿನ ಕಿಂಡಿಯ ಹತ್ತಿರ ತೂಗುಹಾಕಿ. 75 ಪರ್ಸೆಂಟ್ ಮೇಲೆ ತೋರಿಸಿದರೆ ಕಿಂಡಿ ಇನ್ನಷ್ಟು ತೆಗೀರಿ. 30ಕ್ಕಿಂತ ಕೆಳಗಿದ್ದರೆ ಸೌದೆ ಸುಮ್ಮನೆ ಉರೀತಿದೆ, ಅರ್ಧ ಮುಚ್ಚಿ. ಮೊದಲ ದಿನವೇ ಜೋರು ಬೆಂಕಿ ಹಾಕಿದರೆ ಅಡಿಕೆಯ ಮೇಲ್ಮೈ ಗಟ್ಟಿಯಾಗಿ ಒಳಗೆ ಹಸಿ ಉಳಿಯುತ್ತೆ. ಮೇಲೆ ಕೆಳಗೆ ತಟ್ಟೆ ಬದಲಿಸ್ತಾ ಇರಿ.

ಒಣಗಿತಾ ಅಂತ ತಿಳಿಯೋಕೆ ಒಂದು ಕಿಲೋ ಅಡಿಕೆ ಬಲೆ ಚೀಲದಲ್ಲಿ ಹಾಕಿ ಒಳಗಿಡಿ. ಬೆಳಿಗ್ಗೆ, ಸಂಜೆ ತೂಗಿ ಮೊಬೈಲಲ್ಲಿ ಬರ್ಕೊಳ್ಳಿ. ತೂಕ ಇಳಿಯೋದು ನಿಂತ ಮೇಲೆ ನಾಲ್ಕೈದು ಅಡಿಕೆ ಒಡೆದು ನೋಡಿ. ಬಿಸಿ ಆರುವವರೆಗೆ ಚೀಲಕ್ಕೆ ತುಂಬಬೇಡಿ, ಒಳಗೇ ಬೆವರುತ್ತೆ.