ದಿನ ತುಂಬುತ್ತಿರುವ ಗರ್ಭಿಣಿಯ ವಿಷಯವಾದ ಪಾಠ

ಮನೆಯ ಸೊಸೆಗೆ ಎಂಟು ತಿಂಗಳು ದಾಟಿತೆಂದರೆ ಸಂತೋಷವೂ ಭಯವೂ ಕೂಡಿ ಬರುತ್ತವೆ. ಸಹಜವಾದದ್ದು ಯಾವುದು, ಅಪಾಯವಾದದ್ದು ಯಾವುದು ಎಂದು ಅರಿಯದವರು ಸಹಜವಾದದ್ದಕ್ಕೆ ಹೆದರುತ್ತಾರೆ. ಹೆದರಬೇಕಾದದ್ದನ್ನೋ ಬೆಳಗಾಗಲಿ ಎಂದು ತಳ್ಳಿಬಿಡುತ್ತಾರೆ. ಆದದರಿಂದ ಇವೆರಡನ್ನೂ ಬೇರೆಬೇರೆಯಾಗಿ ಕಲಿಯೋಣ.

1. ಸಹಜವಾದವುಗಳು. ಕಡೆಯ ಮುಟ್ಟಿನ ಮೊದಲನೆಯ ದಿನದಿಂದ ಎಣಿಸಿದರೆ ಗರ್ಭದ ಕಾಲವು 40 ವಾರಗಳು. ಆದರೂ ಎಣಿಸಿದ ದಿನದಲ್ಲೇ ಹೆರುವವರು ಕೊಂಚವೇ ಮಂದಿ. ಚೊಚ್ಚಲ ಬಸುರಿಯಲ್ಲಿ ಹೆರಿಗೆಗೆ ಕೆಲವು ವಾರಗಳ ಮುಂಚೆಯೇ ಕೂಸಿನ ತಲೆಯು ಕೆಳಗಿಳಿಯುವದುಂಟು. ಆಗ ಉಸಿರಾಟವು ಹಗುರವಾಗುವದು. ಮೂತ್ರಕ್ಕೆ ಮಾತ್ರ ಪದೇಪದೇ ಹೋಗಬೇಕಾಗುವದು. ಸೊಂಟನೋವೂ ಸಂಜೆಯ ಹೊತ್ತು ಪಾದಗಳ ಊತವೂ ಸಾಮಾನ್ಯವೇ. ಅಂಗಾತ ಮಲಗದೆ ಪಕ್ಕಕ್ಕೆ ಹೊರಳಿ ಮಲಗುವದು ಒಳ್ಳೇದು.

2. ನೋವಿನ ಭೇದ. ಸುಳ್ಳು ನೋವು ಕ್ರಮವಿಲ್ಲದೆ ಬಂದು, ಸ್ವಲ್ಪ ನಡೆದಾಡಿದರೆ ಇಲ್ಲವೆ ಮಲಗಿದರೆ ಶಮನವಾಗುವದು. ನಿಜವಾದ ಪ್ರಸವವೇದನೆಯು ಕ್ರಮವಾಗಿ ಬಂದು, ಬರಬರುತ್ತಾ ಹತ್ತಿರವಾಗಿ ಬಲಗೊಳ್ಳುವದು. ಆದರೆ 37 ವಾರಗಳು ತುಂಬುವ ಮೊದಲೇ ನೋವು ಕ್ರಮವಾಗಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

3. ಕಾಯಬಾರದ ಗುರುತುಗಳು. ಬಿಡದ ತಲೆನೋವು, ಕಣ್ಣು ಮಂಜಾಗುವದು, ಮುಖವೂ ಕೈಗಳೂ ಊದುವದು, ಇವು ರಕ್ತದೊತ್ತಡ ಏರಿದ್ದರ ಗುರುತಾಗಿರಬಹುದು. ಇದನ್ನು ಅಲಕ್ಷ್ಯಮಾಡಿದರೆ ಸೆಳವು ಬಂದು ತಾಯಿಯೂ ಕೂಸೂ ಸಾಯಬಹುದು. ರಕ್ತ ಹೋಗುವದು, ಜ್ವರ, ನೋವಿಲ್ಲದಿದ್ದರೂ ನೀರು ಒಡೆಯುವದು, ಇವು ಸಹ ಕೂಡಲೇ ಆಸ್ಪತ್ರೆಗೆ ಹೋಗತಕ್ಕ ಕಾರಣಗಳು. ಕಡೆಯ ವಾರಗಳಲ್ಲಿ ಕೂಸಿನ ಮಿಸುಕಾಟವು ಕಡಿಮೆಯಾಗುವದು ಸಹಜವೆಂದು ಕೆಲವರು ಹೇಳುತ್ತಾರೆ. ಇದು ತಪ್ಪು. ಮಿಸುಕಾಟ ಕುಗ್ಗಿತೆಂದು ತಾಯಿಗೆ ತೋಚಿದರೆ ಅದೇ ದಿನ ತೋರಿಸಬೇಕು.

4. ಆಹಾರ. ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಹೇಳಿ ಬಸುರಿಗೆ ಊಟವನ್ನೂ ಕಬ್ಬಿಣದ ಮಾತ್ರೆಯನ್ನೂ ಕಡಿಮೆಮಾಡುವವರಿದ್ದಾರೆ. ಹೀಗೆ ಮಾಡಬಾರದು. ಯಾಕಂದರೆ ರಕ್ತಹೀನಳಾದವಳು ಹೆರಿಗೆಯ ರಕ್ತಸ್ರಾವವನ್ನು ತಾಳಲಾರಳು. ಮಾತ್ರೆಯನ್ನು ಕಾಫಿ ಚಹಗಳೊಂದಿಗೆ ನುಂಗಬಾರದು.

5. ಸಿದ್ಧತೆ. ತಾಯಿ ಕಾರ್ಡು, ಒಗೆದ ಬಟ್ಟೆಗಳು, ಸ್ವಲ್ಪ ಹಣ, ಇವುಗಳನ್ನು ಒಂದೇ ಚೀಲದಲ್ಲಿ ಇಟ್ಟಿರಿ. ಜೊತೆಗೆ ಹೋಗುವವರು ಯಾರೆಂದು ಈಗಲೇ ಗೊತ್ತುಮಾಡಿರಿ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಹಣವಿಲ್ಲದೆ ಬರುವದು. ಯಜಮಾನನು ಹೊಲದಿಂದ ಬರಲಿ ಎಂದು ಯಾರೂ ಕಾಯಬಾರದು. ಅವನೇ ಮುಂಚಿತವಾಗಿ ಅಪ್ಪಣೆಕೊಟ್ಟಿರಲಿ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು: ಯಾವ ಊತಕ್ಕೆ ಹೆದರಬೇಕು? ನೀರು ಒಡೆದರೆ ಏನು ಮಾಡಬೇಕು? ಈ ರಾತ್ರಿಯೇ ಹೊರಡಬೇಕಾದರೆ ನಮ್ಮ ಚೀಲವು ಸಿದ್ಧವಾಗಿದೆಯೋ?