ಬಿದ್ದದ್ದು, ಒಡೆದದ್ದು, ಕಿತ್ತಾಡಿದ್ದು: ಮಕ್ಕಳೇ ಚಿತ್ರ ಬಿಡಿಸಲಿ

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ದಿನಕ್ಕೊಂದು ಪಂಚಾಯಿತಿ ತಪ್ಪಿದ್ದಲ್ಲ. ಅಣ್ಣ ತಳ್ಳಿದ, ತಂಗಿ ಕಚ್ಚಿದಳು, ಹಾಲಿನ ಪಾತ್ರೆ ಉರುಳಿತು. ಮೊದಲು ಶುರು ಮಾಡಿದ್ದು ಯಾರು ಎಂಬುದಕ್ಕೆ ಮಾತ್ರ ಸಾಕ್ಷಿಯಿಲ್ಲ. ನನ್ನ ಬಳಿ ಬರುವ ಪೋಷಕರು ಕೇಳುವುದು ಹೆಚ್ಚಾಗಿ ಇದನ್ನೇ: ಇಬ್ಬರಲ್ಲಿ ಯಾರ ಮಾತು ನಂಬಬೇಕು? ಇಬ್ಬರದ್ದನ್ನೂ ಕೇಳಿ, ತೀರ್ಪು ಮಾತ್ರ ಕೊಡಬೇಡಿ ಎನ್ನುತ್ತೇನೆ. ಮಕ್ಕಳು ಸುಳ್ಳು ಹೇಳುವುದೇ ಇಲ್ಲ ಎಂದಲ್ಲ, ಚೆನ್ನಾಗಿಯೇ ಹೇಳುತ್ತಾರೆ. ಆದರೆ ಎಷ್ಟೋ ಸಲ ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿರುತ್ತಾರೆ. ಅಳು ನಿಂತ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ, ನಾಲ್ಕು ಕ್ರೆಯಾನ್ ಕೊಟ್ಟು "ಏನಾಯ್ತು ಅಂತ ಬಿಡಿಸಿ ತೋರಿಸು" ಎಂದು ನೋಡಿ.

ಮೈಸೂರಿನ ಮನೆಗಳಲ್ಲಿ ನವರಾತ್ರಿ ಬಂತೆಂದರೆ ಗೊಂಬೆ ಕೂರಿಸುವ ಸಂಭ್ರಮ, ಅದರ ಬೆನ್ನಿಗೇ ಗೊಂಬೆ ಒಡೆಯುವ ಗಂಡಾಂತರ. ಅಂಥದ್ದೊಂದು ಮನೆಯಲ್ಲಿ ಅಜ್ಜಿಯ ಕಾಲದ ಮಣ್ಣಿನ ಶೆಟ್ಟಿ ಗೊಂಬೆ ಕೆಳಗೆ ಬಿದ್ದು ಕತ್ತು ಮುರಿಯಿತು. ಎಂಟು ವರ್ಷದ ಅಕ್ಕ, ಐದು ವರ್ಷದ ತಮ್ಮ, ಇಬ್ಬರೂ "ನಾನಲ್ಲ". ಅಕ್ಕನ ಚಿತ್ರದಲ್ಲಿ ಏಳು ಮೆಟ್ಟಿಲೂ ಅಚ್ಚುಕಟ್ಟು. ಪಟ್ಟದ ಗೊಂಬೆ ಮೇಲೆ, ಶೆಟ್ಟಿಯ ಮುಂದೆ ಬೇಳೆ ಅಕ್ಕಿಯ ಗುಡ್ಡೆಗಳು, ಮೂರನೇ ಮೆಟ್ಟಿಲಿಗೆ ಕೈ ಚಾಚಿದ ತಮ್ಮ. ಅವಳು ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ. ತಮ್ಮನ ಹಾಳೆಯಲ್ಲಿ ಮೆಟ್ಟಿಲೇ ಇಲ್ಲ. ಹಾಳೆ ತುಂಬ ಅಕ್ಕ, ಅವಳ ಮೈಗಿಂತ ಉದ್ದದ ಅವಳ ಕೈ, ಮೂಲೆಯಲ್ಲಿ ಕಡಲೆಕಾಳಿನಷ್ಟು ಗೊಂಬೆ. "ಈ ಕೈ ಏನ್ಮಾಡ್ತಿದೆ ಪುಟ್ಟ?" ಎಂದು ಅಮ್ಮ ಕೇಳಿದಾಗ ವಿಷಯ ಹೊರಬಿತ್ತು. ಗೊಂಬೆ ಮುಟ್ಟಿದ್ದು ಅವನೇ ನಿಜ. ಬಿದ್ದದ್ದು, ಅಕ್ಕ ಕೈ ಮೇಲೆ ಫಟ್ಟನೆ ಹೊಡೆದಾಗ.

ಉದ್ದದ ಕೈ ಕಂಡ ತಕ್ಷಣ ಅಕ್ಕ ಹೊಡೆದಳೆಂದು ತೀರ್ಮಾನಿಸುವ ಹಾಗಿಲ್ಲ, ಅಮ್ಮ ಕೇಳಿದ್ದರಿಂದ ತಿಳಿಯಿತು. ಐದಾರು ವರ್ಷದ ಮಗು ಕಣ್ಣಳತೆ ನೋಡಿ ಬಿಡಿಸುವುದಿಲ್ಲ. ಮನಸ್ಸಿಗೆ ನಾಟಿದ್ದನ್ನು ಎಷ್ಟೋ ಸಲ ದೊಡ್ಡದು ಮಾಡುತ್ತದೆ. ಒಂದೂವರೆ ಎರಡು ವರ್ಷಕ್ಕೆ ಗೀಚಾಟ ಶುರುವಾಗುತ್ತದೆ. ಮೂರು ನಾಲ್ಕರ ಹೊತ್ತಿಗೆ ತಲೆಯಿಂದಲೇ ಕೈಕಾಲು ಹೊರಟ ಮನುಷ್ಯರು ಬರುತ್ತಾರೆ, ಹೊಟ್ಟೆಯ ಗೊಡವೆಯೇ ಇಲ್ಲ. ಆಮೇಲೆ ಗೋಡೆಯ ಮೂಲಕವೇ ಒಳಗಿನ ಮಂಚ ಕಾಣುವ ಮನೆ, ಹಾಳೆಯ ತಳದಲ್ಲಿ ನೆಲದ ಗೆರೆ. ಒಂಬತ್ತು ಹತ್ತಕ್ಕೆ ಬರುವಾಗ ಅನೇಕ ಮಕ್ಕಳು "ನಂಗೆ ಬರಲ್ಲ" ಎಂದು ಪೆನ್ಸಿಲ್ ಕೆಳಗಿಡುತ್ತಾರೆ. ಹಾಗಾದಾಗ ಚೌಕ ಹಾಕಿ ಕಾಮಿಕ್ಸ್ ಥರ ಕಡ್ಡಿ ಮನುಷ್ಯರನ್ನು ಬಿಡಿಸಲು ಹೇಳಿ. ತರಲೆ ಕಥೆಗೆ ಅದೇ ಚೆಂದ.

ಬಿಡಿಸುತ್ತಾ ಹೇಳುವುದರಿಂದ ಲಾಭವಿದೆಯೇ? ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಗ್ನಿಶಾಮಕ ಠಾಣೆ ನೋಡಿ ಬಂದ ಐದಾರು ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಬರೀ ಬಾಯಲ್ಲಿ ಹೇಳಿದವರಿಗಿಂತ ಬಿಡಿಸುತ್ತಾ ಹೇಳಿದವರು ಹೆಚ್ಚು ಸಂಗತಿಗಳನ್ನು ನೆನಪಿಸಿಕೊಂಡರು. ಮೂರು ನಾಲ್ಕು ವರ್ಷದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಪುಟಾಣಿಗಳಿಂದ ಬಹಳ ನಿರೀಕ್ಷಿಸಬೇಡಿ, ಗೀಚಿಕೊಂಡಿರಲಿ.

ಚೇಷ್ಟೆಯನ್ನು ಕಥೆ, ಚಿತ್ರ ಮಾಡಿದ ನಮ್ಮ ಮೈಸೂರಿನ ಇಬ್ಬರು ಅಣ್ಣತಮ್ಮಂದಿರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಕಥೆಗಾರ ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1921ರಲ್ಲಿ. ಎಂಟು ಮಕ್ಕಳ ಮನೆಯಲ್ಲಿ ಲಕ್ಷ್ಮಣ್ ಕೊನೆಯವರು. ಓದು ಬರುವ ಮೊದಲೇ ಇಂಗ್ಲಿಷ್ ಪತ್ರಿಕೆಗಳ ಚಿತ್ರ ನೋಡುತ್ತಾ ಕೂತ ಹುಡುಗ, ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡಲಿಲ್ಲ. ಶಾಲೆಯ ಮೇಷ್ಟರುಗಳ ವ್ಯಂಗ್ಯಚಿತ್ರವನ್ನೂ ಗೀಚಿದ. ಅಪ್ಪ ಹೆಡ್‌ಮಾಸ್ಟರ್ ಎಂಬುದನ್ನು ನೆನಪಿಡಿ! ಅವನು ಬಿಡಿಸಿದ ಅರಳಿ ಎಲೆಯನ್ನು ಮೇಷ್ಟರೊಬ್ಬರು ಮೆಚ್ಚಿದ ಮೇಲೆ ತಾನು ಚಿತ್ರಗಾರ ಎಂಬ ನಂಬಿಕೆ ಹುಟ್ಟಿತು. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡದಿದ್ದರೂ ಆ ನಂಬಿಕೆ ಉಳಿಯಿತು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅಣ್ಣ ಮಾಡಿದ ಕೆಲಸ. ಲಕ್ಷ್ಮಣ್ 'ರಫ್ ಅಂಡ್ ಟಫ್ ಅಂಡ್ ಜಾಲಿ' ಎಂಬ ಬೀದಿ ಕ್ರಿಕೆಟ್ ತಂಡದ ನಾಯಕ. ಆ ಹುಡುಗನ ತರಲೆಗಳೇ ನಾರಾಯಣ್ ಬರೆದ 'ರೀಗಲ್ ಕ್ರಿಕೆಟ್ ಕ್ಲಬ್', ದೋಡು ಎಂಬ ಹುಡುಗನ ಕಥೆ ಮುಂತಾದವಕ್ಕೆ ಪ್ರೇರಣೆಯಾದವು. ಅಣ್ಣ ತಮ್ಮನ ಚೇಷ್ಟೆಯನ್ನು ಕಥೆ ಮಾಡಿದರೆ, ದೊಡ್ಡವನಾದ ತಮ್ಮ ಅಣ್ಣನ ಕಥೆಗಳಿಗೆ ಚಿತ್ರ ಬಿಡಿಸಿದ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿ ನೋಡಿದವರಿಗೆ ಆ ಗೆರೆಗಳು ಕಣ್ಣಿಗೆ ಕಟ್ಟಿವೆ. ಹದಿನೈದು ವರ್ಷದ ಅಂತರವೂ ಇಲ್ಲಿ ಸಹಾಯ ಮಾಡಿರಬೇಕು ಅನ್ನಿ. ಎರಡು ವರ್ಷ ಅಂತರದ ಮಕ್ಕಳಿಂದ ಇಷ್ಟು ಔದಾರ್ಯ ನಿರೀಕ್ಷಿಸುವುದು ಕಷ್ಟ. ಯಾದವಗಿರಿಯ ನಾರಾಯಣ್ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ರಜೆಯಲ್ಲೊಮ್ಮೆ ಮಕ್ಕಳನ್ನು ಕರೆದೊಯ್ಯಿರಿ.

ಇನ್ನು ಕೆಲವು ಎಚ್ಚರಿಕೆಗಳು. ಜಗಳದ ಬಿಸಿಯಲ್ಲಿ ಹಾಳೆ ಕೊಡಬೇಡಿ. ಊಟವಾಗಲಿ, ಸಂಜೆಯಾಗಲಿ, ಮರುದಿನವಾದರೂ ಸರಿ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಇಲ್ಲವಾದರೆ ಚಿಕ್ಕವರು ದೊಡ್ಡವರ ಹಾಳೆ ನೋಡಿ ಬಿಡಿಸುತ್ತಾರೆ. "ನೂರು ಸಲ ಬರಿ" ಎಂಬ ಶಿಕ್ಷೆಯ ಜಾಗಕ್ಕೆ "ತಪ್ಪು ಮಾಡಿದ್ದನ್ನು ಬಿಡಿಸು" ಬಂದರೆ ಮಗು ಚಿತ್ರವನ್ನೇ ದ್ವೇಷಿಸೀತು. "ಅವನು ನಿನ್ನ ತಳ್ಳಿದ್ನಾ?" ಎಂದು ಬಾಯಿಗೆ ಉತ್ತರ ಇಟ್ಟು ಕೇಳುವುದಕ್ಕಿಂತ "ಆಮೇಲೆ?" ಎಂಬುದು ವಾಸಿ. ಮಕ್ಕಳ ನೆನಪು ಹಸಿ ಮಣ್ಣು, ನಾವು ಒತ್ತಿದ ಬೆರಳಿನ ಗುರುತೇ ಅದರಲ್ಲಿ ಉಳಿದುಬಿಡಬಹುದು. ಮೂರು ವರ್ಷಕ್ಕೆ ಮೊದಲಿನದ್ದಂತೂ ಬಹುಪಾಲು ನೆನಪೇ ಉಳಿಯುವುದಿಲ್ಲ. "ನೀನು ಎರಡು ವರ್ಷದಲ್ಲಿ ರಾಗಿ ಡಬ್ಬದೊಳಗೆ ಕೂತಿದ್ದೆ" ಎಂದು ನಾವು ಹತ್ತಾರು ಸಲ ಹೇಳಿದ ಕಥೆಯನ್ನೇ ಮಗು ತನ್ನ ನೆನಪೆಂದು ಬಿಡಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಯಾವ ಕಥೆಯನ್ನು ಹೇಳುತ್ತಿದ್ದೇವೆ ಎಂಬ ಜವಾಬ್ದಾರಿ ನಮ್ಮದು. ನೆಂಟರ ಮುಂದೆ ಒಬ್ಬನದೇ ಪೆದ್ದುತನ ಹೇಳಿ ನಗುವ ಮನೆಯಲ್ಲಿ ಆ ಮಗು ಕೂಡ ನಗುತ್ತದೆ, ಒಳಗೊಳಗೆ ಕುಗ್ಗುತ್ತದೆ. ಆದ್ದರಿಂದ ಅಪ್ಪ ಅಮ್ಮ ತಮ್ಮ ಬಾಲ್ಯದ ಪಜೀತಿಯನ್ನೂ ಒಂದು ಹಾಳೆಯಲ್ಲಿ ಬಿಡಿಸಲಿ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಮಂಡಿ ತರಚಿಕೊಂಡದ್ದು, ದೊಡ್ಡಪ್ಪನ ಸೈಕಲ್ ಚರಂಡಿಗೆ ಇಳಿಸಿದ್ದು, ಏನಾದರೂ.

ಕಪ್ಪು ಬಣ್ಣ ಬಳಿದರೆ ಮಗುವಿಗೆ ದುಃಖ, ಕೆಂಪು ಬಳಿದರೆ ಕೋಪ ಎಂಬ ಮೊಬೈಲ್ ಜ್ಞಾನವನ್ನು ನಂಬಬೇಡಿ. ಎಷ್ಟೋ ಸಲ ಡಬ್ಬದಲ್ಲಿ ಉಳಿದಿದ್ದ ಬಣ್ಣವೇ ಅದು. ಆದರೆ ಒಂದೇ ಪೆಟ್ಟು, ಒಂದೇ ಭಯ ವಾರಗಟ್ಟಲೆ ಚಿತ್ರದಲ್ಲಿ ಮರಳಿ ಬರುತ್ತಿದ್ದು, ನಿದ್ದೆ ಕೆಡುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಇದ್ದರೆ ಮಕ್ಕಳ ವೈದ್ಯರಿಗೆ ಅಥವಾ ಮಕ್ಕಳ ಮನಶ್ಶಾಸ್ತ್ರಜ್ಞರಿಗೆ ತೋರಿಸಿ. ಯಾರೋ ನೋಯಿಸುತ್ತಿದ್ದಾರೆ ಎಂದು ಮಗು ಹೇಳಿದರೆ 1098 ಮಕ್ಕಳ ಸಹಾಯವಾಣಿ ಇದೆ.

ಚಿತ್ರವನ್ನು ಸ್ಟೇಟಸ್‌ಗೆ ಹಾಕುವ ಮುನ್ನ ಬಿಡಿಸಿದವರನ್ನೇ ಕೇಳಿ. ಬೇಡ ಎಂದರೆ ಬೇಡ. ಹಾಳೆಯ ಹಿಂದೆ ದಿನಾಂಕ, ವಯಸ್ಸು, ಮಗು ಹೇಳಿದ ಮಾತನ್ನು ಹೇಳಿದ ಹಾಗೇ ಪೆನ್ಸಿಲ್‌ನಲ್ಲಿ ಬರೆದು ಫೈಲಿಗೆ ಹಾಕಿ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕ್ರೆಯಾನ್ ಹೆಚ್ಚು ಕಾಲ ಬಾಳುತ್ತದೆ.