ಊರಿಗೆ ಬಂದವಳು

ಕೆಲಸದ ಪತ್ರ ಬಂದ ಸಂಜೆಯೇ ಕಲ್ಕತ್ತದ ಸಾಲ್ಟ್ ಲೇಕಿನ ಬಾಡಿಗೆ, ಊಟ, ಸೆಕೆ ಎಲ್ಲ ಮೊಬೈಲಿನಲ್ಲಿ ನೋಡಿ ಮುಗಿಸಿದೆ ಅಂದೆಯಲ್ಲ ಪುಟ್ಟಿ, ಬಾಯಲ್ಲಿ ಒಂದು ದೋಸೆ ಇರುವಾಗಲೇ ಇನ್ನೊಂದಕ್ಕೆ ಕೈ ಚಾಚುವವಳು ನೀನು. ಚುರುಕು ಬುದ್ಧಿ, ಒಪ್ಪಿದೆ. ಒಂದು ಗಳಿಗೆ ಕೂತು ಕೇಳು. ನಿನ್ನ ತಾತನ ಬ್ಯಾಂಕ್ ನೌಕರಿಯಿಂದಾಗಿ ಕಲ್ಕತ್ತದಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದವಳು ನಾನು. ಅದರಲ್ಲಿ ಮೊದಲ ವರ್ಷ ಸುಮ್ಮನೆ ಹಾಳಾಯಿತು.

ಹೇಗೆ ಅಂದರೆ, ಬಾಗಿಲು ಹಾಕಿಕೊಂಡು. ‘ಇನ್ನೆರಡು ವರ್ಷಕ್ಕೆ ವರ್ಗ ಆಗುತ್ತೆ, ಯಾರ ಗೊಡವೆ ಯಾಕೆ’ ಅಂದುಕೊಂಡು ಪೆಟ್ಟಿಗೆಯಿಂದ ಒಳ್ಳೆಯ ಪಾತ್ರೆ ಕೂಡ ತೆಗೆಯಲಿಲ್ಲ. ಭಾನುವಾರ ಲೇಕ್ ಮಾರ್ಕೆಟ್ಟಿಗೆ ಹೋಗಿ ಕರಿಬೇವು, ಬಾಳೆಎಲೆ, ಕಾಫಿಪುಡಿ ತರುವುದು, ನಮ್ಮ ಕಡೆಯವರು ಸಿಕ್ಕರೆ ಎರಡು ಮಾತಾಡುವುದು, ಮತ್ತೆ ಒಳಗೆ. ಮಳೆಗಾಲದಲ್ಲಿ ಜ್ವರ ಬಂತು. ತಾತ ಊರಲ್ಲಿರಲಿಲ್ಲ. ಎರಡು ದಿನ ನಾನು ನಲ್ಲಿಯ ಹತ್ತಿರ ಬಾರದ್ದನ್ನು ಕಂಡು ಕೆಳಮನೆಯ ಮಾಶಿಮಾ ಬಾಗಿಲು ಬಡಿದರು. ಹಣೆ ಮುಟ್ಟಿ ನೋಡಿದರು. ಬೀದಿಯ ಹುಡುಗನನ್ನು ಕೂಗಿ ಡಾಕ್ಟರನ್ನು ಕರೆಸಿದರು. ಸಂಜೆ ಮೆತ್ತಗೆ ಬೇಯಿಸಿದ ಖಿಚುಡಿ ತಂದು ಪಕ್ಕದಲ್ಲಿ ಕೂತು ಚೆನ್ನಾಗಿ ಬೈದರು. ಬಂಗಾಳಿ ಒಂದಕ್ಷರ ಬಾರದಿದ್ದರೂ ಅಮ್ಮ ಬೈದ ಹಾಗೇ ಇತ್ತು, ಅತ್ತುಬಿಟ್ಟೆ. ಮಾರನೇ ವಾರ ಪೆಟ್ಟಿಗೆ ಬಿಚ್ಚಿದೆ.

ಅಲ್ಲಿ ಕೇರಿಗೆ ಪಾಡಾ ಅನ್ನುತ್ತಾರೆ. ಹಳೆಯ ಪಾಡಾದಲ್ಲಿ ಮನೆ ಸಿಕ್ಕರೆ ಬಿಡಬೇಡ. ಜಗಲಿಯ ಮೇಲೆ ಕೂತವರು ಯಾವ ಊರು, ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ ಅಂತೆಲ್ಲ ಕೇಳುತ್ತಾರೆ. ಮುಖ ಗಂಟು ಹಾಕಬೇಡ. ನಮ್ಮ ಕೇರಿಯಲ್ಲಿ ಇದನ್ನೆಲ್ಲ ಕೇಳದೆ ಬಿಟ್ಟವರು ಯಾರು? ಸಂಬಳ ಹೇಳಬೇಡ, ಊರು ಹೇಳು. ‘ಮದ್ರಾಸಿಯೇ?’ ಅಂದರೆ ಜಗಳಕ್ಕೆ ನಿಲ್ಲದೆ ‘ಮೈಸೂರು’ ಅನ್ನು. ಅವರ ದುರ್ಗೆಯ ಕಾಲಡಿ ಬಿದ್ದಿರುವ ಮಹಿಷಾಸುರನ ಊರು ನಿನ್ನದು ಅಂತ ಗೊತ್ತಾದರೆ ಪೂಜೆಯ ಚಂದಾ ಕೇಳಲು ಬಂದ ಹುಡುಗರು ಒಳಗೆ ಬಂದು ಕೂರುತ್ತಾರೆ. ಚಂದಾ ಕೊಡು, ರಸೀತಿಯನ್ನೂ ಕೇಳು.

ಕಲ್ಕತ್ತದ ದುರ್ಗಾಪೂಜೆಯನ್ನು ಯುನೆಸ್ಕೊ 2021ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಪೆಂಡಾಲು ನೋಡಲು ನೀನು ಹೇಗೂ ಓಡುತ್ತೀಯ. ನಾನು ಹೇಳುವುದು ದೇವಿಯನ್ನು ನೀರಿಗೆ ಬಿಟ್ಟ ಮೇಲಿನ ದಿನಗಳ ಮಾತು. ಕಿರಿಯರು ಹಿರಿಯರ ಮನೆಗೆ ಹೋಗಿ ಕಾಲು ಮುಟ್ಟುತ್ತಾರೆ, ಹಿರಿಯರು ತೆಂಗಿನಕಾಯಿ ಉಂಡೆ ಕೈಗಿಡುತ್ತಾರೆ. ಧಾರವಾಡದ ಕಡೆ ಬನ್ನಿ ಕೊಟ್ಟು ಬಂಗಾರದಂತಿರೋಣ ಅನ್ನುವುದೂ ಆ ದಶಮಿಯಂದೇ. ಯಾರಾದರೂ ಕರೆಯಲಿ ಅಂತ ಕಾಯಬೇಡ, ಮೆಟ್ಟಿಲಿನ ಎಲ್ಲ ಮನೆಗೂ ಹೋಗು.

ಮೀನಿನ ವಾಸನೆಗೆ ಮೂಗು ಮುಚ್ಚಿದೆಯೋ, ಕೆಟ್ಟೆ. ಅಲ್ಲಿ ಮೀನು ಮಂಗಳದ್ರವ್ಯ. ಮದುವೆಗೆ ಗಂಡಿನ ಮನೆಯವರು ಸಿಂಗರಿಸಿ ಹೆಣ್ಣಿನ ಮನೆಗೆ ಕಳಿಸುತ್ತಾರೆ. ನೀನು ತಿನ್ನುವವಳಲ್ಲ, ‘ನಿರಾಮಿಷ್’ ಅಂದು ಕೈಮುಗಿ. ಆ ಮಾತಿನಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವ ಅರ್ಥ ಇದೆ, ಆಮೇಲೆ ಪಲ್ಯ ಸಪ್ಪೆ ಅಂತ ಗೊಣಗಬೇಡ.

ಬೆಂಗಳೂರಿನ ಜಂಬವನ್ನು ಇಲ್ಲೇ ಬಿಟ್ಟು ಹೋಗು. ನಮ್ಮ ಮೆಟ್ರೊ ಶುರುವಾದದ್ದು 2011ರಲ್ಲಿ. ಅಲ್ಲಿ 1984ರಲ್ಲೇ ದೇಶದ ಮೊದಲ ಮೆಟ್ರೊ ಓಡಿತು, ನಾನೇ ಕೂತು ಬಂದಿದ್ದೇನೆ. ಆಟೋದಲ್ಲಿ ನಾಲ್ಕು ಜನ ಹಂಚಿಕೊಂಡು ಹೋಗುವುದು, ಚಿಲ್ಲರೆ ಇಟ್ಟುಕೊಂಡಿರು.

ಇನ್ನು ಭಾಷೆ. ಇಂಗ್ಲಿಷಿನಲ್ಲಿ ನಡೆದುಹೋಗುತ್ತೆ ಅನ್ನಬೇಡ. ನಡೆಯುತ್ತೆ, ಬೇರು ಬಿಡುವುದಿಲ್ಲ. ಬಿ. ವೆಂಕಟಾಚಾರ್ಯರು (1845–1914) ಮೈಸೂರು ಸೀಮೆಯಲ್ಲಿ ಕೋರ್ಟಿನ ಕೆಲಸ ಮಾಡುತ್ತಲೇ ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ನಿನಗೆ ಕಲಿಸಲು ಇಡೀ ಊರೇ ಇರುತ್ತದೆ. ಬಂಗಾಳಿಗಳು ನೀರನ್ನೂ ‘ತಿನ್ನುತ್ತಾರೆ’, ವಸಂತ ಅವರ ಬಾಯಲ್ಲಿ ಬೊಶೊಂತೊ ಆಗುತ್ತಾನೆ. ನಿನ್ನ ಹೆಸರು ತಿರುಚಿದರೆ ತಿದ್ದಬೇಡ, ಓಗೊಡು. ಹೊರಡುವಾಗ ನಾವು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುತ್ತೇವಲ್ಲ, ಅವರೂ ಹಾಗೇ, ‘ಆಶ್ಛಿ’ ಅನ್ನುತ್ತಾರೆ. ಅದೊಂದನ್ನು ರೈಲಿನಲ್ಲೇ ಬಾಯಿಪಾಠ ಮಾಡು.

ಸಾರಿನಪುಡಿ ಎರಡು ಡಬ್ಬಿ ಕಟ್ಟಿಟ್ಟಿದ್ದೇನೆ. ದೊಡ್ಡದು ನಿನಗೆ. ಸಣ್ಣದು ಪಕ್ಕದ ಮನೆಗೆ, ಹೋದ ಮೊದಲ ವಾರದಲ್ಲೇ. ಬಾಗಿಲಲ್ಲಿ ಕೊಟ್ಟು ಓಡಿ ಬರಬೇಡ. ಹುಣಿಸೆಹಣ್ಣು ಎಷ್ಟು, ಒಗ್ಗರಣೆ ಯಾವಾಗ ಅಂತ ಅವರ ಒಲೆಯ ಮುಂದೆ ನಿಂತು ತೋರಿಸಿಕೊಡು.